ಫೇಡರ್ ತುದಿಯಲ್ಲಿದೆ, ದೀಪ ಅರ್ಧದಲ್ಲಿದೆ: ರಂಗದ ಬೆಳಕಿನ ಮಟ್ಟ ತಪ್ಪಿದಾಗ ದೋಷ ಹುಡುಕುವ ಕ್ರಮ

ಮುಂಬಯಿಯ ಹವ್ಯಾಸಿ ಕನ್ನಡ ನಾಟಕ ತಂಡಗಳಲ್ಲಿ ಸ್ವಂತ ಲೈಟ್ ಬೋರ್ಡ್ (ದೀಪಗಳನ್ನು ನಿಯಂತ್ರಿಸುವ ಫಲಕ) ಇಟ್ಟುಕೊಂಡವರು ಅಪರೂಪ. ಮಾಟುಂಗಾದಲ್ಲಿ ಒಂದು ಪ್ರಯೋಗ, ಮುಲುಂಡಿನಲ್ಲಿ ಇನ್ನೊಂದು, ಡೊಂಬಿವಲಿಯಲ್ಲಿ ಮತ್ತೊಂದು ಎಂದು ತಿರುಗುವಾಗ ಪ್ರತಿ ಸಭಾಗೃಹದಲ್ಲೂ ಬೇರೆ ಬೋರ್ಡ್, ಬೇರೆ ಡಿಮ್ಮರ್, ಟೆಂಪೊದಲ್ಲಿ ಬಾಡಿಗೆಗೆ ಬಂದ ಬೇರೆ ದೀಪಗಳು ಎದುರಾಗುತ್ತವೆ. ಹಿಂದಿನ ತಂಡ ರಂಗ ಬಿಟ್ಟುಕೊಟ್ಟ ಹೊತ್ತಿಗೂ ನಮ್ಮ ಮೊದಲ ಗಂಟೆಗೂ ನಡುವೆ ಸಿಗುವ ಎರಡು ಮೂರು ತಾಸಿನಲ್ಲಿ ಸೆಟ್ಟು ನಿಲ್ಲಬೇಕು, ಬಣ್ಣ ಹಚ್ಚಿ ಮುಗಿಯಬೇಕು, ಬೆಳಕೂ ಹೊಂದಿಕೆಯಾಗಬೇಕು. ಇಂಥ ಅವಸರದಲ್ಲಿ ಒಂದು ದೀಪ ಕೇಳಿದಷ್ಟು ಬೆಳಗದಿದ್ದರೆ, ಅಥವಾ ಆರಿಸಿದರೂ ಪೂರ್ತಿ ಆರದಿದ್ದರೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಆಸೆ ಹುಟ್ಟುತ್ತದೆ. ಆ ಆಸೆಯನ್ನು ತಡೆದು, ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬೋರ್ಡಿನ ಮೇಲೆ ಕಾಣುವ ಶೇಕಡಾ 70 ಎಂಬುದು ಬೆಳಕಲ್ಲ, ಬೇಡಿಕೆ. ಆ ಬೇಡಿಕೆಯನ್ನು ಬೋರ್ಡು ತನ್ನೊಳಗೇ ಇತರ ಫೇಡರ್‌ಗಳೊಂದಿಗೆ (ಮಟ್ಟವನ್ನು ಏರಿಸಿ ಇಳಿಸುವ ಜಾರುಗುಂಡಿಗಳು) ಲೆಕ್ಕ ಹಾಕಿ 0ಯಿಂದ 255ರ ನಡುವಿನ ಒಂದು ಸಂಖ್ಯೆಯಾಗಿ ಮಾಡುತ್ತದೆ. ಆ ಸಂಖ್ಯೆ ಕೇಬಲ್ಲಿನಲ್ಲಿ ಹರಿದು ಡಿಮ್ಮರ್ ತಲುಪುತ್ತದೆ. ಡಿಮ್ಮರ್ ಅದನ್ನು ವೋಲ್ಟೇಜ್ ಆಗಿ ಬದಲಿಸುತ್ತದೆ, ವೋಲ್ಟೇಜಿಗೆ ತಕ್ಕಂತೆ ದೀಪದ ತಂತು ಕಾಯುತ್ತದೆ, ಕೊನೆಗೆ ಮಸೂರವನ್ನೂ ಬಣ್ಣದ ಜೆಲ್ ಹಾಳೆಯನ್ನೂ ದಾಟಿ ಉಳಿದ ಬೆಳಕು ನಟನ ಮುಖದ ಮೇಲೆ ಬೀಳುತ್ತದೆ. ಈ ಸರಪಳಿಯ ಯಾವ ಕೊಂಡಿಯಲ್ಲಿ ಬೇಡಿಕೆ ಕಡಿಮೆಯಾಯಿತು ಎಂದು ಕಂಡುಹಿಡಿಯುವುದೇ ದೋಷ ಹುಡುಕುವ ಕೆಲಸ. ಕೊಂಡಿ ಯಾವುದೆಂದು ಗೊತ್ತಾಗುವ ಮೊದಲು ಯಾವುದನ್ನೂ ಬಿಚ್ಚಬಾರದು, ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು.

ಎಷ್ಟು ದೀಪಗಳಿಗೆ ತೊಂದರೆ?

ರಂಗದ ನಡುವೆ ನಿಂತು ಈ ಪ್ರಶ್ನೆಯನ್ನು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಎಲ್ಲ ದೀಪಗಳೂ ಒಂದೇ ಪ್ರಮಾಣದಲ್ಲಿ ಮಂದವಾಗಿದ್ದರೆ ಕಾರಣ ಎಲ್ಲ ದೀಪಗಳನ್ನೂ ಒಟ್ಟಿಗೆ ಏರಿಳಿಸುವ ಗ್ರ್ಯಾಂಡ್ ಮಾಸ್ಟರ್ ಫೇಡರಿನಲ್ಲಿರುತ್ತದೆ ಅಥವಾ ಸಭಾಗೃಹಕ್ಕೆ ಬರುವ ವಿದ್ಯುತ್ತಿನಲ್ಲಿರುತ್ತದೆ. ಒಂದೇ ದೀಪ ಮಂದವಾಗಿದ್ದರೆ ಆ ದೀಪ, ಅದರ ಪ್ಲಗ್ಗು ಅಥವಾ ಅದರ ಡಿಮ್ಮರ್ ಚಾನೆಲ್ಲನ್ನು ಅನುಮಾನಿಸಬೇಕು. ಇವೆರಡರ ನಡುವಿನದು, ಅಂದರೆ ನಾಲ್ಕೋ ಆರೋ ದೀಪಗಳು ಒಟ್ಟಾಗಿ ತಪ್ಪುವುದು, ಎಲ್ಲಕ್ಕಿಂತ ಹೆಚ್ಚು ಮಾಹಿತಿ ಕೊಡುವ ದೋಷ. ಆ ದೀಪಗಳಿಗೆ ಸಮಾನವಾದದ್ದು ಏನು ಎಂದು ನೋಡಬೇಕು. ಅವು ಒಂದೇ ಡಿಮ್ಮರ್ ಪೆಟ್ಟಿಗೆಯ ದೀಪಗಳಾಗಿದ್ದರೆ ಪೆಟ್ಟಿಗೆಯನ್ನೂ, ಒಂದೇ ವಿದ್ಯುತ್ ಫೇಸಿನವಾಗಿದ್ದರೆ ಫೇಸನ್ನೂ, ಕೇಬಲ್ ಸಾಲಿನಲ್ಲಿ ಒಂದು ಬಿಂದುವಿನಿಂದ ಮುಂದಿನವಾಗಿದ್ದರೆ ಆ ಬಿಂದುವಿನ ಕನೆಕ್ಟರನ್ನೂ ಹಿಡಿಯಬೇಕು. ಇವು ಯಾವುವೂ ಸಮಾನವಾಗಿರದೆ, ಅವೆಲ್ಲ 'ಮುಂಭಾಗದ ದೀಪಗಳು' ಎಂಬಂತೆ ಬಳಕೆಯಲ್ಲಿ ಮಾತ್ರ ಒಂದಾಗಿದ್ದರೆ, ದೋಷ ಬೋರ್ಡಿನೊಳಗಿದೆ ಎಂದು ಬಹುಮಟ್ಟಿಗೆ ನಂಬಬಹುದು, ಏಕೆಂದರೆ ದೀಪಗಳನ್ನು ಬಳಕೆಯ ಪ್ರಕಾರ ಗುಂಪು ಮಾಡುವುದು ಬೋರ್ಡು ಮಾತ್ರ. ತಂತಿಗೆ ಆ ಭೇದ ತಿಳಿಯದು.

ಇನ್ನೊಂದು ಪ್ರಶ್ನೆಯನ್ನು ಸಭಾಗೃಹದ ಎಲೆಕ್ಟ್ರಿಷಿಯನ್ನರಿಗೆ ಕೇಳಬೇಕು: ಈ ದೀಪ ಕೊನೆಯ ಸಲ ಸರಿಯಾಗಿ ಉರಿದದ್ದು ಯಾವಾಗ? ಇದನ್ನು ಕೇಳದೆ ನಾವು ಒಮ್ಮೆ ಐವತ್ತು ನಿಮಿಷ ಕಳೆದುಕೊಂಡೆವು.

ಬೋರ್ಡಿನೊಳಗಿನ ಲೆಕ್ಕ

ಉಪನಗರದ ಒಂದು ಸಭಾಗೃಹದಲ್ಲಿ ನಮ್ಮ ಮುಂಭಾಗದ ನಾಲ್ಕೂ ದೀಪಗಳನ್ನು 90ಕ್ಕೆ ಏರಿಸಿದ್ದರೂ ನಟರ ಮುಖಗಳು ಸಂಜೆಯ ಹೊತ್ತಿನಂತೆ ಕಾಣುತ್ತಿದ್ದವು, ಆದರೆ ಹಿಂಬೆಳಕು ಮತ್ತು ಬದಿಯ ದೀಪಗಳು ಸರಿಯಾಗಿದ್ದವು. ಬಲ್ಬುಗಳು ಹಳತಾಗಿವೆ ಎಂದು ಒಬ್ಬರೆಂದರು. ಏಣಿ ಹತ್ತಿ ಮಸೂರ ಒರೆಸಿದ್ದಾಯಿತು, ಎರಡು ಬಲ್ಬುಗಳನ್ನು ಬದಲಿಸಿದ್ದೂ ಆಯಿತು. ಡಿಮ್ಮರಿನ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕುವ ಹೊತ್ತಿಗೆ, ಕುಂದಾಪುರದ ಕಡೆಯಿಂದ ಬಂದು ಆ ಸಭಾಗೃಹದಲ್ಲೇ ಬಹುಕಾಲ ಕೆಲಸ ಮಾಡಿದ್ದ ಎಲೆಕ್ಟ್ರಿಷಿಯನ್ ಚಹಾ ಮುಗಿಸಿ ಬಂದು, "ಅದನ್ನು ಬಿಚ್ಚಬೇಡಿ ಮಾರಾಯ್ರೆ, ಬೆಳಿಗ್ಗೆಯ ಪ್ರಯೋಗಕ್ಕೆ ಇದೇ ದೀಪ ಸರಿಯಾಗಿ ಉರಿದಿದೆ" ಎಂದರು. ನಾಲ್ಕು ಬಲ್ಬುಗಳು ಒಂದೇ ಮಧ್ಯಾಹ್ನ ಒಟ್ಟಿಗೆ ಹಳತಾಗುವುದಿಲ್ಲ. ಬೋರ್ಡಿಗೆ ಮರಳಿ ನೋಡಿದಾಗ, ಮೂಲೆಯ ಒಂದು ಸಬ್‌ಮಾಸ್ಟರ್ ಫೇಡರ್ (ದೀಪಗಳ ಒಂದು ಗುಂಪನ್ನು ಒಟ್ಟಿಗೆ ಆಳುವುದು) 50ರಲ್ಲಿ ನಿಂತಿತ್ತು. ಅದು ದೀಪ ಏರಿಸುವ ಸಬ್‌ಮಾಸ್ಟರ್ ಆಗಿರಲಿಲ್ಲ, ದೀಪಗಳಿಗೆ ಮಿತಿ ಹಾಕುವ ತಡೆ-ಮಾಸ್ಟರ್ ಆಗಿತ್ತು. ಬೆಳಗಿನ ತಂಡ ತನ್ನ ಯಾವುದೋ ದೃಶ್ಯಕ್ಕಾಗಿ ಮುಂಭಾಗದ ದೀಪಗಳನ್ನು ಅದರಲ್ಲಿ ಸೇರಿಸಿಟ್ಟು, ಫೇಡರನ್ನು ಅರ್ಧಕ್ಕೆ ಇಳಿಸಿ ಹೋಗಿತ್ತು. 90ರ ಅರ್ಧ 45. ದೀಪ ಉರಿಯುತ್ತಿದ್ದುದು ಸರಿಯಾಗಿ ಅಷ್ಟರಲ್ಲೇ.

ಬೋರ್ಡು ಒಂದು ಚಾನೆಲ್ಲಿನ ಮಟ್ಟವನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕುತ್ತದೆ, ಮತ್ತು ಇವೆರಡನ್ನು ಬೆರೆಸಿಕೊಳ್ಳುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ. ಮೊದಲನೆಯದು ಸ್ಪರ್ಧೆ. ಒಂದೇ ದೀಪವನ್ನು ಒಂದು ಕ್ಯೂ (ಮೊದಲೇ ಬರೆದಿಟ್ಟ ಬೆಳಕಿನ ಹೊಂದಿಕೆ) 40ಕ್ಕೂ ಒಂದು ಸಬ್‌ಮಾಸ್ಟರ್ 65ಕ್ಕೂ ಕೇಳುತ್ತಿದ್ದರೆ, ಪ್ರಖರತೆಯ ವಿಷಯದಲ್ಲಿ ಸಾಮಾನ್ಯವಾಗಿ ಹೆಚ್ಚಿನದೇ ಗೆಲ್ಲುತ್ತದೆ, ಅಂದರೆ 65; ಈ ನಿಯಮಕ್ಕೆ ಎಚ್‌ಟಿಪಿ ಎಂದು ಹೆಸರು. ಬಣ್ಣ, ದಿಕ್ಕು ಮುಂತಾದವುಗಳಲ್ಲಿ ಹೆಚ್ಚು ಕಡಿಮೆ ಎಂಬುದಕ್ಕೆ ಅರ್ಥವಿಲ್ಲದ್ದರಿಂದ ಕೊನೆಗೆ ಬಂದ ಆದೇಶ ಗೆಲ್ಲುತ್ತದೆ, ಅದು ಎಲ್‌ಟಿಪಿ. ಕೆಲವು ಬೋರ್ಡುಗಳಲ್ಲಿ ಪ್ರಖರತೆಯನ್ನೂ ಎಲ್‌ಟಿಪಿಗೆ ಬದಲಿಸಿಡಬಹುದು. ಹಾಗೆ ಬದಲಿಸಿದ್ದಾಗ, ನಾವು ಕೈಯಲ್ಲಿ ಏರಿಸಿದ ದೀಪ ಮುಂದಿನ ಕ್ಯೂ ಒತ್ತಿದ ಕೂಡಲೇ ತಾನಾಗಿ ಇಳಿದುಹೋಗುತ್ತದೆ, ನಾವು ಡಿಮ್ಮರನ್ನು ದೂರುತ್ತೇವೆ.

ಎರಡನೆಯದು ಗುಣಾಕಾರ. ಗ್ರ್ಯಾಂಡ್ ಮಾಸ್ಟರ್, ಒಂದು ದೃಶ್ಯದಿಂದ ಇನ್ನೊಂದಕ್ಕೆ ಬೆಳಕು ದಾಟಿಸುವ ಎ-ಬಿ ಕ್ರಾಸ್‌ಫೇಡರ್, ತಡೆ-ಮಾಸ್ಟರ್ ಇವು ಸ್ಪರ್ಧಿಸುವುದಿಲ್ಲ, ಗುಣಿಸುತ್ತವೆ. ಚಾನೆಲ್ 80ರಲ್ಲಿದ್ದು ಗ್ರ್ಯಾಂಡ್ ಮಾಸ್ಟರ್ 60ರಲ್ಲಿದ್ದರೆ ಹೊರಗೆ ಹೋಗುವುದು 48, ಅಂದರೆ ಕೇಬಲ್ಲಿನಲ್ಲಿ ಹರಿಯುವ ಸಂಖ್ಯೆ ಸುಮಾರು 122. ಇಲ್ಲಿ ಪರದೆಯ ಎರಡು ನೋಟಗಳ ವ್ಯತ್ಯಾಸವನ್ನು ತಿಳಿದಿರಬೇಕು: ನಾವು ಬರೆದ ಮಟ್ಟವನ್ನು ತೋರಿಸುವ ಪುಟ ಬೇರೆ, ಬೋರ್ಡು ನಿಜವಾಗಿ ಹೊರಗೆ ಕಳಿಸುತ್ತಿರುವ ಔಟ್‌ಪುಟ್ ಪುಟ ಬೇರೆ. ನಮ್ಮ ಐವತ್ತು ನಿಮಿಷಗಳೂ ಮೊದಲನೆಯ ಪುಟದ 90ನ್ನು ನಂಬಿದ್ದರಿಂದ ಹೋದವು. ಎರಡನೆಯ ಪುಟ 45 ಎಂದು ಆರಂಭದಿಂದಲೂ ಹೇಳುತ್ತಲೇ ಇತ್ತು.

ಪರದೆಯಿಲ್ಲದ ಸಣ್ಣ ಬೋರ್ಡಿನಲ್ಲಿ, ಒತ್ತಿದಾಗ ದೀಪವನ್ನು ತಕ್ಷಣ ಪೂರ್ತಿ ಏರಿಸುವ ಫ್ಲ್ಯಾಶ್ ಗುಂಡಿಯೇ ಪರೀಕ್ಷೆಯ ಸಾಧನ. ಫೇಡರ್ ತುದಿಗೇರಿಸಿದರೂ ಮಂದವಾಗಿರುವ ದೀಪ, ಫ್ಲ್ಯಾಶ್ ಗುಂಡಿ ಒತ್ತಿದಾಗ ಪೂರ್ಣ ಬೆಳಗಿದರೆ, ಆ ಫೇಡರ್ ಅಥವಾ ಅದರ ದೃಶ್ಯದ ಮಾಸ್ಟರ್ ತಪ್ಪಿದೆ. ಫ್ಲ್ಯಾಶ್ ಒತ್ತಿದರೂ ಅಷ್ಟೇ ಮಂದವಾಗಿದ್ದರೆ ಗ್ರ್ಯಾಂಡ್ ಮಾಸ್ಟರನ್ನು ನೋಡಬೇಕು. ಅದೂ ತುದಿಯಲ್ಲಿದ್ದರೆ ಪ್ಯಾಚ್ ನೋಡಬೇಕು. ಪ್ಯಾಚ್ ಎಂದರೆ ಬೋರ್ಡಿನ ಚಾನೆಲ್ಲಿಗೂ ಡಿಮ್ಮರಿನ ಸಂಖ್ಯೆಗೂ ಗಂಟು ಹಾಕುವ ಪಟ್ಟಿ, ಮತ್ತು ಹಲವು ಬೋರ್ಡುಗಳಲ್ಲಿ ಆ ಗಂಟಿನಲ್ಲೇ ಒಂದು ಗರಿಷ್ಠ ಮಿತಿಯನ್ನೋ ಏರಿಳಿತದ ವಕ್ರರೇಖೆಯನ್ನೋ ಸೇರಿಸಿಡಬಹುದು. ಹಳೆಯ ಪ್ರಯೋಗದ ಕಡತ ಬೋರ್ಡಿನಲ್ಲಿ ಉಳಿದಿದ್ದರೆ ಆ ಮಿತಿಗಳೂ ಉಳಿದಿರುತ್ತವೆ. ಆದ್ದರಿಂದ ಹಿಂದಿನವರ ಕಡತವನ್ನು ಪೆನ್‌ಡ್ರೈವಿನಲ್ಲಿ ಉಳಿಸಿಕೊಂಡು, ಖಾಲಿ ಕಡತದಿಂದ ಆರಂಭಿಸುವುದು ನನ್ನ ಮಟ್ಟಿಗೆ ಎಲ್ಲ ಪರೀಕ್ಷೆಗಳಿಗಿಂತ ಮೊದಲಿನ ಕೆಲಸ.

ಫೇಡರ್ ತಾನೇ ಕೆಡುವುದೂ ಉಂಟು. ಮುಂಬಯಿಯ ಮಳೆಗಾಲದ ತೇವ, ಸಮುದ್ರದ ಉಪ್ಪುಗಾಳಿ, ಪರದೆಗಳ ಧೂಳು ಮೂರೂ ಸೇರಿ ಫೇಡರಿನ ಒಳಗಿನ ಇಂಗಾಲದ ಪಟ್ಟಿಯ ಮೇಲೆ ಕೂರುತ್ತವೆ. ಫೇಡರನ್ನು ಅತಿ ನಿಧಾನವಾಗಿ ಏರಿಸಿದಾಗ ಬೆಳಕು ಒಂದು ಜಾಗದಲ್ಲಿ ಹಾರಿದರೆ, ಮತ್ತು ಇಳಿಸುವಾಗಲೂ ಅದೇ ಜಾಗದಲ್ಲಿ ಹಾರಿದರೆ, ಪಟ್ಟಿ ಕೊಳೆಯಾಗಿದೆ. ವಿದ್ಯುತ್ ಸಂಪರ್ಕ ಸ್ವಚ್ಛಗೊಳಿಸುವ, ಒಣಗಿ ಹೋಗುವ ಸ್ಪ್ರೇಯನ್ನು ಬೋರ್ಡು ಬಂದ್ ಇರುವಾಗ ಹಾಕಿ ಹತ್ತಾರು ಸಲ ಮೇಲೆ ಕೆಳಗೆ ಆಡಿಸಬೇಕು. ತುಕ್ಕು ಬಿಡಿಸುವ ಎಣ್ಣೆ ಬೇಡ. ಅದಕ್ಕೆ ಧೂಳು ಇನ್ನಷ್ಟು ಅಂಟುತ್ತದೆ.

ಕೇಬಲ್ಲಿನ ದಾರಿ

ಬೋರ್ಡಿನಿಂದ ಡಿಮ್ಮರಿಗೆ ಸಂಖ್ಯೆಗಳನ್ನು ಒಯ್ಯುವ ಡಿಎಂಎಕ್ಸ್ 512 ಎಂಬ ಪದ್ಧತಿಯನ್ನು ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯಾದ ಯುಎಸ್‌ಐಟಿಟಿ 1986ರಲ್ಲಿ ರೂಪಿಸಿ 1990ರಲ್ಲಿ ಪರಿಷ್ಕರಿಸಿತು. ಒಂದು ಕೇಬಲ್ ಸಾಲಿನಲ್ಲಿ 512 ಚಾನೆಲ್ಲುಗಳು, ಪ್ರತಿಯೊಂದಕ್ಕೂ 256 ಮಟ್ಟಗಳು. 512 ಚಾನೆಲ್ಲುಗಳನ್ನೂ ಕಳಿಸುವಾಗ ಸೆಕೆಂಡಿಗೆ ಸುಮಾರು 44 ಸಲದವರೆಗೆ ಎಲ್ಲ ಮಟ್ಟಗಳೂ ಹೊಸದಾಗಿ ಹೋಗುತ್ತವೆ. ದಾರಿ ಒಮ್ಮುಖ: ಡಿಮ್ಮರ್ ತನಗೆ ಸಂಖ್ಯೆ ತಲುಪಿತೆಂದು ಬೋರ್ಡಿಗೆ ಮರಳಿ ಹೇಳುವುದಿಲ್ಲ. ಬೋರ್ಡಿನ ಪರದೆ ಸರಿಯಿದೆ ಎಂದ ಮಾತ್ರಕ್ಕೆ ಕೇಬಲ್ ಸರಿಯಿದೆ ಎಂದು ಹೇಳಲಾಗದಿರುವುದು ಈ ಕಾರಣಕ್ಕೆ.

ಸಂಖ್ಯೆ ಡಿಮ್ಮರಿನವರೆಗೆ ಬಂದಿದೆಯೇ ಎಂದು ನೋಡಲು ಕೈಯಲ್ಲಿ ಹಿಡಿಯುವ ಡಿಎಂಎಕ್ಸ್ ಟೆಸ್ಟರ್ ದೊರೆಯುತ್ತದೆ. ಅದಿಲ್ಲದವರಿಗೆ ಒಂದು ಸುಲಭ ಉಪಾಯವಿದೆ. ಒಂದು ಒಳ್ಳೆಯ ಎಲ್‌ಇಡಿ ಪಾರ್ (ಡಬ್ಬಿಯಾಕಾರದ ರಂಗದೀಪ) ದೀಪವನ್ನು ಮೂರು ಚಾನೆಲ್ಲಿನ ಕೆಂಪು-ಹಸಿರು-ನೀಲಿ ವಿಧಾನದಲ್ಲಿಟ್ಟು, ಅನುಮಾನವಿರುವ ಡಿಮ್ಮರ್ ಚಾನೆಲ್ಲಿನ ಸಂಖ್ಯೆಯನ್ನೇ ಅದರ ವಿಳಾಸವಾಗಿ (ಅದು ಕೇಳಿಸಿಕೊಳ್ಳಲು ಆರಂಭಿಸುವ ಚಾನೆಲ್ ಸಂಖ್ಯೆ) ಕೊಟ್ಟು, ಡಿಮ್ಮರಿನ ಹತ್ತಿರ ಅದೇ ಕೇಬಲ್ಲಿಗೆ ಜೋಡಿಸಬೇಕು. ಆಗ ಆ ದೀಪದ ಕೆಂಪು ಬಣ್ಣವೇ ಡಿಮ್ಮರಿಗೆ ತಲುಪುತ್ತಿರುವ ಸಂಖ್ಯೆಯನ್ನು ಕಣ್ಣಿಗೆ ತೋರಿಸುತ್ತದೆ. ಫೇಡರ್ ಏರಿದಂತೆ ಕೆಂಪು ಸಮವಾಗಿ ಏರಿದರೆ ಬೋರ್ಡೂ ಕೇಬಲ್ಲೂ ನಿರ್ದೋಷಿ. ಕೆಂಪು ಮಧ್ಯದಲ್ಲೇ ನಿಂತರೆ ಡಿಮ್ಮರನ್ನು ಮುಟ್ಟುವ ಅಗತ್ಯವೇ ಇಲ್ಲ.

ಕೇಬಲ್ಲನ್ನು ಕಿತ್ತು ನೋಡುವ ಪರೀಕ್ಷೆಯನ್ನು ಹಲವರು ಮಾಡುತ್ತಾರೆ, ಅದು ದಾರಿ ತಪ್ಪಿಸುತ್ತದೆ. ಸಂಕೇತ ನಿಂತಾಗ ಕೆಲವು ಡಿಮ್ಮರುಗಳು ಕೊನೆಯ ಮಟ್ಟವನ್ನೇ ಹಿಡಿದುಕೊಂಡಿರುತ್ತವೆ, ಕೆಲವು ಸ್ವಲ್ಪ ಹೊತ್ತಿನ ನಂತರ ಆರಿಸುತ್ತವೆ, ಕೆಲವು ಮೊದಲೇ ಬರೆದಿಟ್ಟ ಮಟ್ಟಕ್ಕೆ ಹೋಗುತ್ತವೆ. ಕಿತ್ತ ಮೇಲೂ ದೀಪ ಉರಿಯುತ್ತಿದೆ ಎಂಬುದರಿಂದ ಡಿಮ್ಮರ್ ಕೆಟ್ಟಿದೆ ಎಂದು ತೀರ್ಮಾನಿಸಬಾರದು.

ಬೆಳಕು ಆಗಾಗ ಮಿನುಗಿದರೆ, ಅದರಲ್ಲೂ ಸಾಲಿನ ಕೊನೆಯ ದೀಪಗಳು ಹೆಚ್ಚು ಮಿನುಗಿದರೆ, ಕೊನೆಯಲ್ಲಿ ಟರ್ಮಿನೇಟರ್ ಇದೆಯೇ ಎಂದು ನೋಡಬೇಕು. ಅದು ಎಕ್ಸ್‌ಎಲ್‌ಆರ್ ಕನೆಕ್ಟರಿನ 2 ಮತ್ತು 3ನೆಯ ಪಿನ್ನುಗಳ ನಡುವೆ ಬೆಸೆದ 120 ಓಮ್‌ನ ಒಂದು ಸಣ್ಣ ರೆಸಿಸ್ಟರ್ ಅಷ್ಟೇ. ಅದಿಲ್ಲದಿದ್ದರೆ ಸಂಕೇತ ಕೇಬಲ್ಲಿನ ತುದಿಗೆ ಬಡಿದು ಹಿಂದಿರುಗಿ, ಬರುತ್ತಿರುವ ಸಂಕೇತದೊಂದಿಗೆ ಕಲಸುತ್ತದೆ. ಮೈಕಿನ ಕೇಬಲ್ ಬಳಸಿದ್ದರೂ ಇದೇ ತೊಂದರೆ ಬರಬಹುದು, ಏಕೆಂದರೆ ಅದು ಈ ಸಂಕೇತಕ್ಕೆ ಬೇಕಾದ 120 ಓಮ್ ಗುಣದ್ದಲ್ಲ. ಹತ್ತು ಮೀಟರಿನ ಸಾಲಿನಲ್ಲಿ ನಡೆದುಹೋಗುವುದು ಅರವತ್ತು ಮೀಟರಿನಲ್ಲಿ ನಡೆಯದು. ಒಂದು ಕೇಬಲ್ಲನ್ನು ವೈ ಆಕಾರದಲ್ಲಿ ಎರಡಾಗಿ ಸೀಳುವುದು ತಪ್ಪು. ಎರಡು ಕಡೆಗೆ ಬೇಕಿದ್ದರೆ ಸ್ಪ್ಲಿಟರ್ ಪೆಟ್ಟಿಗೆ ಬೇಕು. ಒಂದು ಸಾಲಿನಲ್ಲಿ 32 ಉಪಕರಣಗಳನ್ನು ಮೀರಿದರೂ ಸ್ಪ್ಲಿಟರ್ ಬೇಕು. ಕೇಬಲ್ಲನ್ನು ಪರೀಕ್ಷಿಸಲು ಎರಡೂ ತುದಿಗಳನ್ನು ಉಪಕರಣಗಳಿಂದ ಬಿಡಿಸಿ, ಒಂದು ತುದಿಗೆ ಟರ್ಮಿನೇಟರ್ ಸಿಕ್ಕಿಸಿ, ಇನ್ನೊಂದು ತುದಿಯ 2 ಮತ್ತು 3ನೆಯ ಪಿನ್ನುಗಳ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ಸುಮಾರು 120 ಓಮ್ ತೋರಿಸಿದರೆ ಆ ಎರಡು ತಂತಿಗಳು ಸರಿಯಾಗಿವೆ, ಸೊನ್ನೆಯ ಹತ್ತಿರವಾದರೆ ಒಳಗೆ ತಂತಿಗಳು ತಾಗಿವೆ, ಏನೂ ತೋರಿಸದಿದ್ದರೆ ತುಂಡಾಗಿವೆ.

ಡಿಮ್ಮರ್ ಮತ್ತು ವಿದ್ಯುತ್ತು

ಇಲ್ಲಿಂದ ಮುಂದಿನದು 230 ವೋಲ್ಟಿನ ವಿಷಯ. ಮುಚ್ಚಳ ತೆಗೆಯುವ ಕೆಲಸ, ಫ್ಯೂಸ್ ಮತ್ತು ಮುಖ್ಯ ಫಲಕದ ಕೆಲಸ ಸಭಾಗೃಹದ ಎಲೆಕ್ಟ್ರಿಷಿಯನ್ನರದು. ತಂಡದವರು ಹೊರಗಿನಿಂದ ಮಾಡಬಹುದಾದ ಪರೀಕ್ಷೆಗಳಷ್ಟನ್ನೇ ಮಾಡಬೇಕು. ಅವುಗಳಲ್ಲಿ ಮುಖ್ಯವಾದದ್ದು ಅದಲು ಬದಲು. ಆ ಚಾನೆಲ್ಲುಗಳ ವಿದ್ಯುತ್ತನ್ನು ಬಂದ್ ಮಾಡಿ, ಕೆಟ್ಟ ದೀಪದ ಪ್ಲಗ್ಗನ್ನು ಒಳ್ಳೆಯ ಡಿಮ್ಮರ್ ಚಾನೆಲ್ಲಿಗೂ ಒಳ್ಳೆಯ ದೀಪದ ಪ್ಲಗ್ಗನ್ನು ಕೆಟ್ಟದೆಂದು ಅನುಮಾನಿಸಿದ ಚಾನೆಲ್ಲಿಗೂ ಹಾಕಿ ಮತ್ತೆ ಚಾಲೂ ಮಾಡಬೇಕು. ದೋಷ ದೀಪದ ಜೊತೆಗೇ ಹೋದರೆ ಬಲ್ಬು, ಹೋಲ್ಡರ್ ಅಥವಾ ದೀಪದ ವಯರ್ ಕಾರಣ. ದೋಷ ಚಾನೆಲ್ಲಿನಲ್ಲೇ ಉಳಿದರೆ ಡಿಮ್ಮರ್ ಅಥವಾ ಅದಕ್ಕಿಂತ ಹಿಂದಿನದು ಕಾರಣ. ಹಲವು ಡಿಮ್ಮರುಗಳಲ್ಲಿ ಬೋರ್ಡಿನ ನೆರವಿಲ್ಲದೆ ಚಾನೆಲ್ಲನ್ನು ಏರಿಸುವ ಪರೀಕ್ಷಾ ಗುಂಡಿ ಇರುತ್ತದೆ. ಅದರಿಂದ ದೀಪ ಪೂರ್ಣ ಬೆಳಗಿದರೆ ಡಿಮ್ಮರಿನ ಮೇಲಿನ ಅನುಮಾನವೂ ಹೋಗುತ್ತದೆ.

ಡಿಮ್ಮರ್ ವೋಲ್ಟೇಜನ್ನು ನಲ್ಲಿಯಂತೆ ಸಣ್ಣ ಮಾಡುವುದಿಲ್ಲ, ತುಂಡು ಮಾಡುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಪ್ರತಿ ಅರ್ಧ ಅಲೆ 10 ಮಿಲಿಸೆಕೆಂಡಿನದು. ಪ್ರತಿ ಅರ್ಧ ಅಲೆಯಲ್ಲೂ ಸ್ವಲ್ಪ ಹೊತ್ತು ಕಾದು ಆಮೇಲೆ ಹರಿಯಬಿಡುವ ಥೈರಿಸ್ಟರ್ ಜೋಡಿ ಅದರೊಳಗಿದೆ. ಜೋಡಿಯಲ್ಲಿ ಒಂದು ಸತ್ತರೆ ಅಲೆಯ ಒಂದೇ ಬದಿ ಹರಿದು, ದೀಪಕ್ಕೆ 230ರ ಬದಲು ಸುಮಾರು 163 ವೋಲ್ಟ್ ಸಿಗುತ್ತದೆ. ಹ್ಯಾಲೊಜನ್ ದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತದಂತೆ ಬದಲಾಗುವುದರಿಂದ, ಇಷ್ಟು ಇಳಿಕೆಗೆ ಬೆಳಕು ಮೂರನೆಯ ಒಂದು ಭಾಗದ ಹತ್ತಿರಕ್ಕೆ ಬೀಳುತ್ತದೆ. ತುದಿಗೇರಿಸಿದರೂ ಮಂದ, ಸಣ್ಣ ಕಂಪನ, ತಂತುವಿನ ಗುಂಯ್‌ಗುಡುವಿಕೆ ಮೂರೂ ಒಟ್ಟಿಗೆ ಕಂಡರೆ ಇದನ್ನೇ ಅನುಮಾನಿಸಬೇಕು. ಆ ಚಾನೆಲ್ಲನ್ನು ಅಂದಿಗೆ ಬಿಟ್ಟು ಬೇರೆ ಚಾನೆಲ್ಲಿಗೆ ಪ್ಯಾಚ್ ಮಾಡುವುದೇ ಲೇಸು. ಥೈರಿಸ್ಟರ್ ಒಳಗೇ ಶಾರ್ಟ್ ಆದರೆ ಇದಕ್ಕೆ ವಿರುದ್ಧ: ಫೇಡರ್ ಸೊನ್ನೆಯಲ್ಲಿದ್ದರೂ ದೀಪ ಪೂರ್ಣ ಉರಿಯುತ್ತದೆ.

ಅದೇ ಲೆಕ್ಕದಿಂದ ಇನ್ನೊಂದು ಮಾತು ಹೊರಡುತ್ತದೆ. ವೋಲ್ಟೇಜ್ ಹತ್ತನೆಯ ಒಂದು ಭಾಗ ಇಳಿದು 207 ಆದರೆ ಬೆಳಕು ಶೇಕಡಾ 30ರಷ್ಟು ಇಳಿಯುತ್ತದೆ. ಎಲ್ಲ ದೀಪಗಳೂ ಸ್ವಲ್ಪ ಮಂದ, ಸ್ವಲ್ಪ ಹಳದಿ ಎಂದು ಕಂಡಾಗ, ಗ್ರ್ಯಾಂಡ್ ಮಾಸ್ಟರ್ ಸರಿಯಿದ್ದರೆ, ಎಲ್ಲ ದೀಪಗಳನ್ನೂ ಉರಿಸಿಟ್ಟು ಒಳಬರುವ ವೋಲ್ಟೇಜನ್ನು ಅಳೆಸಬೇಕು. ದೀಪ ಉರಿಯದಿರುವಾಗಿನ ಅಳತೆ ಈ ಕೆಲಸಕ್ಕೆ ಬಾರದು.

ಡಿಮ್ಮರಿನ ಹೊರಹರಿವನ್ನು ಅಳೆಯುವಾಗ ಎರಡು ಮೋಸಗಳಿವೆ. ಸಾಮಾನ್ಯ ಮಲ್ಟಿಮೀಟರ್ ತುಂಡಾದ ಅಲೆಯನ್ನು ಸರಿಯಾಗಿ ಓದುವುದಿಲ್ಲ, ಅದಕ್ಕೆ ಟ್ರೂ ಆರ್‌ಎಂಎಸ್ ಮೀಟರ್ ಬೇಕು. ಎರಡನೆಯದಾಗಿ, ದೀಪ ಜೋಡಿಸದೆ ಖಾಲಿ ಸಾಕೆಟ್ ಅಳೆದರೆ, ಫೇಡರ್ ಸೊನ್ನೆಯಲ್ಲಿದ್ದರೂ ಒಳಗಿನ ಬಿಡಿಭಾಗಗಳ ಮೂಲಕ ಸೋರುವ ಅಲ್ಪ ವಿದ್ಯುತ್ತಿನಿಂದ ಮೀಟರ್ ದೊಡ್ಡ ಅಂಕಿ ತೋರಿಸಬಹುದು. 100 ವ್ಯಾಟಿನ ಹಳೆಯ ತಂತು ಬಲ್ಬೊಂದನ್ನು ಹೋಲ್ಡರ್ ಸಮೇತ ಪೆಟ್ಟಿಗೆಯಲ್ಲಿಟ್ಟುಕೊಂಡರೆ ಈ ಎರಡೂ ಮೋಸಗಳಿಂದ ಪಾರಾಗಬಹುದು. ಮೀಟರಿಗಿಂತ ಆ ಬಲ್ಬನ್ನು ನಾನು ಹೆಚ್ಚು ನಂಬುತ್ತೇನೆ.

ಒಂದು ಲಕ್ಷಣ ಕಂಡರೆ ಮಾತ್ರ ಯಾವ ಪರೀಕ್ಷೆಯನ್ನೂ ಮಾಡದೆ ಮುಖ್ಯ ಸ್ವಿಚ್ ಬಂದ್ ಮಾಡಿಸಬೇಕು: ಕೆಲವು ದೀಪಗಳು ಮಿತಿಮೀರಿ ಬೆಳಗಿ ಕೆಲವು ಮಂಕಾಗಿ, ಒಂದು ಕಡೆಯ ಫೇಡರ್ ಆಡಿಸಿದರೆ ಸಂಬಂಧವಿಲ್ಲದ ಇನ್ನೊಂದು ಕಡೆಯ ಬೆಳಕು ಏರಿಳಿಯುವುದು. ಮೂರು ಫೇಸಿನ ಜೋಡಣೆಯಲ್ಲಿ ನ್ಯೂಟ್ರಲ್ ಸಡಿಲವಾದಾಗ ಹೀಗಾಗುತ್ತದೆ, ಆಗ ಕೆಲವು ಉಪಕರಣಗಳ ಮೇಲೆ 230ಕ್ಕಿಂತ ಬಹಳ ಹೆಚ್ಚಿನ ವೋಲ್ಟೇಜ್ ಬೀಳುತ್ತದೆ. ಡಿಮ್ಮರುಗಳು ಅಲೆಯನ್ನು ತುಂಡು ಮಾಡುವುದರಿಂದ ಮೂರು ಫೇಸುಗಳ ಪ್ರವಾಹ ನ್ಯೂಟ್ರಲಿನಲ್ಲಿ ಪೂರ್ತಿ ರದ್ದಾಗದೆ ಅದು ಹೆಚ್ಚು ಬಿಸಿಯಾಗುತ್ತದೆ, ಸಡಿಲವಾಗುವುದಕ್ಕೆ ಅದೂ ಒಂದು ಕಾರಣ.

ಯಕ್ಷಗಾನಕ್ಕೆ ದೀಪಗಳನ್ನು ತುದಿಗೇರಿಸಿ ಗಂಟೆಗಟ್ಟಲೆ ಹಾಗೆಯೇ ಬಿಟ್ಟಾಗ ಡಿಮ್ಮರ್ ಪೆಟ್ಟಿಗೆ ಕಾದು ತಾನಾಗಿ ನಿಲ್ಲುವುದುಂಟು. ಫ್ಯಾನಿನ ಜಾಲರಿಯ ಧೂಳು ತೆಗೆದು ಗಾಳಿಗೆ ದಾರಿ ಬಿಟ್ಟರೆ ಸಾಕು.

ಎಲ್‌ಇಡಿ ದೀಪಗಳ ತಕರಾರು

ಎಲ್‌ಇಡಿ ಪಾರ್ ದೀಪವನ್ನು ಡಿಮ್ಮರ್ ಚಾನೆಲ್ಲಿಗೆ ಎಂದೂ ಜೋಡಿಸಬಾರದು. ಅದಕ್ಕೆ ಗೋಡೆಯ ಸಾಕೆಟ್ಟಿನಿಂದ ನೇರವಾಗಿ ವಿದ್ಯುತ್ ಕೊಡಬೇಕು, ಮಂದ ಮಾಡುವ ಕೆಲಸವನ್ನು ಡಿಎಂಎಕ್ಸ್ ಮೂಲಕ ದೀಪವೇ ಮಾಡಿಕೊಳ್ಳುತ್ತದೆ. ದೀಪ ತೂಗುಹಾಕುವ ಬಾರಿನ ಮೇಲಿನ ಸಾಕೆಟ್ಟುಗಳೆಲ್ಲ ಡಿಮ್ಮರಿನವೇ ಆಗಿರುವ ಹಳೆಯ ಸಭಾಗೃಹಗಳಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ದೀಪ ಮಿನುಗುತ್ತದೆ, ಕೆಲವೊಮ್ಮೆ ಅದರ ವಿದ್ಯುತ್ ಭಾಗವೇ ಸುಟ್ಟುಹೋಗುತ್ತದೆ.

ದೀಪ ಬೆಳಗದೇ ಇದ್ದರೆ ಅದರ ಹಿಂಬದಿಯ ಪರದೆಯಲ್ಲಿ ಚಾನೆಲ್ ವಿಧಾನವನ್ನು ನೋಡಬೇಕು. ಏಳು ಚಾನೆಲ್ಲಿನ ವಿಧಾನದಲ್ಲಿ ಸಾಮಾನ್ಯವಾಗಿ ಒಂದು ಚಾನೆಲ್ ಒಟ್ಟು ಪ್ರಖರತೆಯದು, ಒಂದು ಮಿಣುಕಿಸುವುದರದು. ಬೋರ್ಡಿನಲ್ಲಿ ಅದನ್ನು ಮೂರು ಚಾನೆಲ್ಲಿನ ದೀಪವೆಂದು ಬರೆದಿದ್ದರೆ, ನಾವು ಕೆಂಪು ಎಂದು ಏರಿಸಿದ್ದು ಒಟ್ಟು ಪ್ರಖರತೆಗೆ ಹೋಗಿ ಬಣ್ಣದ ಚಾನೆಲ್ಲುಗಳು ಸೊನ್ನೆಯಲ್ಲೇ ಉಳಿಯುತ್ತವೆ. ವಿಳಾಸಗಳ ಅತಿಕ್ರಮಣವೂ ಸಾಮಾನ್ಯ. 13ರಿಂದ ಆರಂಭವಾಗುವ ಏಳು ಚಾನೆಲ್ಲಿನ ದೀಪ 19ರವರೆಗೆ ಜಾಗ ಹಿಡಿಯುತ್ತದೆ; ಮುಂದಿನದಕ್ಕೆ 17 ಕೊಟ್ಟರೆ ಒಂದರ ಪ್ರಖರತೆ ಇನ್ನೊಂದರ ಬಣ್ಣವನ್ನು ಕದಡುತ್ತದೆ, ಆದ್ದರಿಂದ ಅದಕ್ಕೆ 20 ಕೊಡಬೇಕು. ಡಿಪ್ ಸ್ವಿಚ್ ಎಂಬ ಸಣ್ಣ ಗುಬ್ಬಿಗಳ ಮೂಲಕ ವಿಳಾಸ ಕೊಡುವ ಹಳೆಯ ಉಪಕರಣಗಳಲ್ಲಿ ಗುಬ್ಬಿಗಳ ಬೆಲೆ ಕ್ರಮವಾಗಿ 1, 2, 4, 8 ಎಂದು ದುಪ್ಪಟ್ಟಾಗುತ್ತ ಒಂಬತ್ತನೆಯದು 256 ಆಗುತ್ತದೆ. 13 ಬೇಕಿದ್ದರೆ ಒಂದನೆಯ, ಮೂರನೆಯ ಮತ್ತು ನಾಲ್ಕನೆಯ ಗುಬ್ಬಿಗಳನ್ನು ಮೇಲೆ ಮಾಡಬೇಕು.

ದೃಶ್ಯದ ಕೊನೆಯಲ್ಲಿ ಬೆಳಕು ನಿಧಾನವಾಗಿ ಕರಗಬೇಕಾದಾಗ ಎಲ್‌ಇಡಿ ಮೆಟ್ಟಿಲಿಳಿದಂತೆ ಇಳಿಯುವುದು ದೋಷವಲ್ಲ, ಲೆಕ್ಕದ ಮಿತಿ. ಶೇಕಡಾ 10ರಿಂದ ಸೊನ್ನೆಯವರೆಗೆ ಸುಮಾರು 25 ಮೆಟ್ಟಿಲುಗಳಷ್ಟೇ ಇವೆ. ಹತ್ತು ಸೆಕೆಂಡಿನಲ್ಲಿ ಇಳಿಸಿದರೆ ಸೆಕೆಂಡಿಗೆ ಎರಡೂವರೆ ಮೆಟ್ಟಿಲು, ಕಣ್ಣಿಗೆ ಅವು ಎಣಿಸುವಂತೆ ಕಾಣುತ್ತವೆ. ಹ್ಯಾಲೊಜನ್ ದೀಪದ ತಂತು ನಿಧಾನವಾಗಿ ತಣಿಯುವುದರಿಂದ ಅಲ್ಲಿ ಮೆಟ್ಟಿಲು ಮರೆಯಾಗುತ್ತಿತ್ತು. ದೀಪದ ಮೆನುವಿನಲ್ಲಿ ನಯವಾಗಿ ಇಳಿಸುವ ಆಯ್ಕೆ ಇದ್ದರೆ ಅದನ್ನು ಹಾಕಬೇಕು, 16 ಬಿಟ್‌ನ ವಿಧಾನವಿದ್ದರೆ ಸೊನ್ನೆಯಿಂದ ತುದಿಯವರೆಗಿನ ಮೆಟ್ಟಿಲುಗಳು 256ರ ಬದಲು 65,536 ಆಗುತ್ತವೆ. ಎರಡೂ ಇಲ್ಲದಿದ್ದರೆ, ಕೊನೆಯ ಕ್ಷಣದ ಬೆಳಕನ್ನು ಒಂದು ಹ್ಯಾಲೊಜನ್ ದೀಪಕ್ಕೆ ಬಿಟ್ಟು ಎಲ್‌ಇಡಿಯನ್ನು ಅದಕ್ಕಿಂತ ಮೊದಲೇ ಇಳಿಸಿಬಿಡುವುದು ನಾವು ಕಂಡುಕೊಂಡ ದಾರಿ.

ಆರಿಸಿದರೂ ಆರದ ದೀಪ

ಕತ್ತಲಿನ ದೃಶ್ಯದಲ್ಲಿ ಒಂದು ದೀಪ ಕೆಂಡದಂತೆ ಉಳಿದರೆ ಮೊದಲು ಬೋರ್ಡಿನ ಔಟ್‌ಪುಟ್ ಪುಟದಲ್ಲಿ ಆ ಚಾನೆಲ್ ಸೊನ್ನೆಯೇ ಎಂದು ನೋಡಬೇಕು. ಸೊನ್ನೆಯಲ್ಲದಿದ್ದರೆ, ಎಚ್‌ಟಿಪಿ ನಿಯಮದಂತೆ ಎಲ್ಲೋ ಒಂದು ಸಬ್‌ಮಾಸ್ಟರ್ ಕೂದಲೆಳೆಯಷ್ಟು ಮೇಲಿದೆ. ಸೊನ್ನೆಯಾಗಿದ್ದರೆ ಡಿಮ್ಮರಿನ ಪ್ರಿಹೀಟ್ ನೋಡಬೇಕು. ತಣ್ಣಗಿನ ತಂತುವಿಗೆ ಒಮ್ಮೆಲೇ ಪ್ರವಾಹ ನುಗ್ಗದಿರಲೆಂದು ಸೊನ್ನೆಯಲ್ಲೂ ಸ್ವಲ್ಪ ಬಿಸಿಯಾಗಿಡುವ ಈ ಏರ್ಪಾಟನ್ನು ಮಿತಿಮೀರಿ ಏರಿಸಿಟ್ಟರೆ ತಂತು ಕೆಂಪಗೆ ಕಾಣುತ್ತದೆ. ಸಣ್ಣ ವ್ಯಾಟಿನ ಎಲ್‌ಇಡಿ ಬಲ್ಬನ್ನು, ಉದಾಹರಣೆಗೆ ಮನೆಯ ಸೆಟ್ಟಿನ ತೂಗುದೀಪವನ್ನು, ಡಿಮ್ಮರಿಗೆ ಹಾಕಿದ್ದರೆ ಸೋರುವ ವಿದ್ಯುತ್ತಿಗೇ ಅದು ಮಿಣುಕುತ್ತದೆ. ಅಲ್ಲಿ ತಂತು ಬಲ್ಬು ಹಾಕುವುದು, ಇಲ್ಲವೇ ಅದೇ ಚಾನೆಲ್ಲಿಗೆ ಪ್ರೇಕ್ಷಕರಿಗೆ ಕಾಣದಂತೆ ವಿಂಗಿನಲ್ಲಿ ಒಂದು ತಂತು ಬಲ್ಬನ್ನು ಜೊತೆಯಾಗಿ ಉರಿಸುವುದು ಪರಿಹಾರ.

ದೋಷ ಸಿಕ್ಕ ಮೇಲೆ ಬೋರ್ಡಿನ ಅಂಚಿನ ಬಿಳಿ ಟೇಪಿನ ಮೇಲೆ ಚಾನೆಲ್ ಸಂಖ್ಯೆ, ಕಂಡ ಲಕ್ಷಣ, ಮಾಡಿದ ಬದಲಾವಣೆ ಮೂರನ್ನೂ ಬರೆಯಬೇಕು, ಮತ್ತು ಪ್ರಯೋಗ ಮುಗಿದ ಮೇಲೆ ಹಿಂದಿನವರ ಕಡತವನ್ನು ಮರಳಿ ತುಂಬಿ, ನಮ್ಮ ತಡೆ-ಮಾಸ್ಟರುಗಳನ್ನೆಲ್ಲ ತುದಿಗೇರಿಸಿ ಬೋರ್ಡು ಬಿಡಬೇಕು. ಆ ಉಪನಗರದ ಸಭಾಗೃಹದಲ್ಲಿ ಮೂಲೆಯ ಫೇಡರಿನ ಪಕ್ಕಕ್ಕೆ 'ತಡೆ, ಮೇಲೆಯೇ ಇರಲಿ' ಎಂದು ಕನ್ನಡದಲ್ಲಿ ಬರೆದು ಅಂಟಿಸಿದೆವು; ಎಲೆಕ್ಟ್ರಿಷಿಯನ್ ಅದರ ಕೆಳಗೆ ಮರಾಠಿಯಲ್ಲೂ ಒಂದು ಸಾಲು ಸೇರಿಸಿದರು.